ಮೇಲಿನ ಕೋರ್ಟಿನ ಛಾಗಲಾ

ಮಡಿವಾಳ ಮಾಚಿದೇವರ ಜನ್ಮಸ್ಥಳವೆಂದು ಖ್ಯಾತಿವೆತ್ತ ದೇವರ ಹಿಪ್ಪರಗಿ ನನ್ನೂರು. ಆ ಊರಿನವನಾದ ನಾನು ಶರಣರ ಚರಿತೆಯನ್ನು ಬಿಟ್ಟು, ಮುಂಬಯಿಯ ಖೋಜಾ ವ್ಯಾಪಾರಿ ಮನೆತನವೊಂದರಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿದ ನ್ಯಾಯಾಧೀಶರೊಬ್ಬರ ಜೀವನವನ್ನು ಹೇಳಹೊರಟರೆ ಓದುಗರಿಗೆ ಸೋಜಿಗವೆನಿಸೀತು. ಮಹಮದಲಿ ಕರೀಮ ಛಾಗಲಾ ಅವರನ್ನು ನಾನು ಕಣ್ಣಾರೆ ಕಂಡವನಲ್ಲ. ಅವರ ಮಾತನ್ನು ಕಿವಿಯಾರೆ ಕೇಳಿದವನೂ ಅಲ್ಲ. ಆದರೂ ಹತ್ತು ವರುಷದ ಹುಡುಗನಾಗಿದ್ದಾಗ ಅವರ ಹೆಸರು ನಮ್ಮ ಓಣಿಗೆ ಬಂದಿತು. ಅದು ಬಂದದ್ದು ಪುಸ್ತಕದ ಮೂಲಕವಾಗಿ ಅಲ್ಲ, ಕಳ್ಳಭಟ್ಟಿಯ ಸೆರೆಯ ವಾಸನೆಯೊಡನೆ.

ಆಗ ವಿಜಾಪುರ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಆ ರಾಜ್ಯದಲ್ಲಿ 1949ರ ಪಾನನಿರೋಧ ಕಾಯದೆಯು ಜಾರಿಗೆ ಬಂದು, 1950ರ ಏಪ್ರಿಲಿನಿಂದ ರಾಜ್ಯವೆಲ್ಲ ಒಣಗಿದ ಸೀಮೆಯಾಯಿತು. ಮುಂಬಯಿ ಸರಕಾರಕ್ಕೆ ಇದು ಹೊಸ ಹವ್ಯಾಸವೇನಲ್ಲ. 1937ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಮಂಡಲವು 1939ರ ಆಗಸ್ಟಿನಲ್ಲಿಯೇ ಮುಂಬಯಿ ನಗರದಲ್ಲಿ ಇದರ ಪ್ರಯೋಗ ಮಾಡಿ ನೋಡಿತ್ತು. ಸ್ವಾತಂತ್ರ್ಯ ಬಂದ ಮೇಲೆ ಗೃಹಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿಯವರ ಕಠಿಣ ನಿಷ್ಠೆಯು ಅದರ ಬೆನ್ನಿಗೆ ನಿಂತಿತು. ಸಂವಿಧಾನದ 47ನೆಯ ಅನುಚ್ಛೇದವೂ ಮಾದಕ ಪಾನೀಯಗಳ ನಿಷೇಧದತ್ತ ಯತ್ನಿಸಬೇಕೆಂದು ರಾಜ್ಯಗಳಿಗೆ ದಾರಿ ತೋರಿಸಿತ್ತು. ಅಂಗಡಿಗಳು ಮುಚ್ಚಿದವು, ಸಿಂದಿಯ ಗಿಡಗಳಿಗೆ ಗಡಿಗೆ ಕಟ್ಟುವವರು ಕೆಲಸವಿಲ್ಲದೆ ಕುಳಿತರು, ಅಬಕಾರಿಯ ಉತ್ಪನ್ನ ನಿಂತಿತು. ಆದರೆ ಬೆಲ್ಲ, ನವಸಾಗರ, ಜಾಲಿಯ ತೊಗಟೆ ಇವು ಎಲ್ಲಿಯೂ ನಿಂತಿರಲಿಲ್ಲ. ಹಳ್ಳದ ದಂಡೆಯ ಮುಳ್ಳುಕಂಟಿಯಲ್ಲಿ ಇರುಳು ಹೊತ್ತು ಹೊಗೆ ಏಳುತ್ತಿದ್ದುದನ್ನು ನಾವು ಹುಡುಗರೆಲ್ಲ ಬಲ್ಲೆವು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು. ಆಕೆಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಗಂಡ ಸತ್ತವಳು, ಮಗ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವನು ತಿರುಗಿ ಬಂದಿರಲಿಲ್ಲ. ಎರಡು ಮೊಮ್ಮಕ್ಕಳ ಹೊಟ್ಟೆ ಹೊರೆಯುವುದಕ್ಕೆ ಆಕೆ ಸೆರೆ ಮಾರುತ್ತಿದ್ದಳು. ಆಕೆಯ ಗಿರಾಕಿಗಳಲ್ಲಿ ನನ್ನ ಸೋದರತ್ತೆಯ ಗಂಡನೂ ಒಬ್ಬ. ಆತನು ಕುಡಿದು ಬಂದ ರಾತ್ರಿಗಳಲ್ಲಿ ಅತ್ತೆ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಲು ಬರುತ್ತಿದ್ದಳು. ಹೀಗಾಗಿ 1953ರ ಒಂದು ಮುಂಜಾನೆ ಫೌಜದಾರರು ಆಯಿಯ ಮನೆಗೆ ಬಂದು, ಗಡಿಗೆಯನ್ನೂ ಎರಡು ಬಾಟಲಿಗಳನ್ನೂ ಜಪ್ತು ಮಾಡಿ, ಆಕೆಯನ್ನು ಬಂಡಿಯಲ್ಲಿ ಕುಳ್ಳಿರಿಸಿಕೊಂಡು ಹೋದಾಗ, ಓಣಿಯು ಎರಡು ಪಾಲಾಯಿತು. ಮೊಮ್ಮಕ್ಕಳನ್ನು ನಮ್ಮ ತಾಯಿ ಮನೆಗೆ ಕರೆತಂದಳು. ಅತ್ತೆ ಅಂದು ಮಾರುತಿ ಗುಡಿಗೆ ಕಾಯಿ ಒಡೆಸಿದಳು.

ತಾಲೂಕಿನ ಕೋರ್ಟು ಆಯಿಗೆ ಮೂರು ತಿಂಗಳ ಸಜೆ ವಿಧಿಸಿತು. ಅಪೀಲು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಆಗ. ಕೆಳಗಿನ ನ್ಯಾಯಾಧೀಶರು ಹೇಳಿದ್ದೇ ಕಡೆಯ ಮಾತಲ್ಲವೆಂದೂ, ಮೂವತ್ತು ದಿನಗಳೊಳಗಾಗಿ ಜಿಲ್ಲೆಯ ಸೆಶನ್ಸ್ ಕೋರ್ಟಿಗೆ ಹೋಗಬಹುದೆಂದೂ, ಅಲ್ಲಿಯೂ ಸೋತರೆ ಮುಂಬಯಿಯ ಹೈಕೋರ್ಟಿನ ಬಾಗಿಲು ಬಡಿಯಬಹುದೆಂದೂ, ದುಡ್ಡಿಲ್ಲದವರು ಸೆರೆಮನೆಯ ಅಧಿಕಾರಿಯ ಕೈಯಲ್ಲಿಯೇ ಅರ್ಜಿ ಬರೆದುಕೊಡಬಹುದೆಂದೂ ನಮ್ಮ ತಂದೆಗೆ ವಿವರಿಸಿದವರು ವಿಜಾಪುರದ ವೃದ್ಧ ವಕೀಲರೊಬ್ಬರು. ತಂದೆಯವರ ಹಳೆಯ ಪರಿಚಯದಿಂದ ಅವರು ಹಣ ತೆಗೆದುಕೊಳ್ಳದೆ ಆಯಿಯ ಕಾಗದ ನೋಡಿದರು. ನಾನು ಅಂದು ತಂದೆಯ ಜೊತೆಗೆ ಹೋಗಿದ್ದೆ. ಅವರ ಕಪಾಟಿನಲ್ಲಿ ಒಂದೇ ಬಣ್ಣದ ರಟ್ಟಿನ, ದಪ್ಪ ದಪ್ಪ ಪುಸ್ತಕಗಳು ಸಾಲಾಗಿದ್ದವು. ಅವು ಮುಂಬಯಿಯ ತೀರ್ಪುಗಳೆಂದು ಹೇಳಿದರು. ಛಾಗಲಾ ಸಾಹೇಬರು ಅಲ್ಲಿ ಕುಳಿತಿರುವತನಕ ಫೌಜದಾರರು ಹೇಳಿದ್ದೆಲ್ಲ ವೇದವಾಗುವುದಿಲ್ಲವೆಂದು ಅವರು ನಗುತ್ತ ಹೇಳಿದ್ದು ನನ್ನ ನೆನಪಿನಲ್ಲಿದೆ. ಆ ಛಾಗಲಾ ಯಾರು ಎಂಬ ಕುತೂಹಲ ಅಂದು ಹುಟ್ಟಿದ್ದು, ಮಾಸ್ತರನಾಗಿ ನಿವೃತ್ತನಾದ ಮೇಲೂ ಆರಲಿಲ್ಲ.

ಛಾಗಲಾ ಅವರು 1900ರ ಸಪ್ಟಂಬರ 30ರಂದು ಮುಂಬಯಿಯಲ್ಲಿ ಜನಿಸಿದರು. ಐದು ವರುಷದವರಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ಅವರ ಮನೆತನದ ಅಡ್ಡಹೆಸರು ಮರ್ಚಂಟ್ ಎಂದಿತ್ತು. ಆ ಹೆಸರಿನವರು ಮುಂಬಯಿಯಲ್ಲಿ ಬೀದಿಗೊಬ್ಬರಂತೆ ಇದ್ದುದರಿಂದಲೋ, ವ್ಯಾಪಾರ ಮಾಡದವನಿಗೆ ವ್ಯಾಪಾರಿಯೆಂಬ ಹೆಸರು ಸಲ್ಲದೆಂದೋ, ಮನೆಯಲ್ಲಿ ಮುದ್ದಿನಿಂದ ಕರೆಯುತ್ತಿದ್ದ ಛಾಗಲಾ ಎಂಬ ಹೆಸರನ್ನೇ ಅವರು ಉಳಿಸಿಕೊಂಡರು. ಸೇಂಟ್ ಝೇವಿಯರ್ ಶಾಲೆ ಮತ್ತು ಕಾಲೇಜುಗಳಲ್ಲಿ ಓದು. ಬಳಿಕ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನಲ್ಲಿ ಇತಿಹಾಸದ ವ್ಯಾಸಂಗ. ಅಲ್ಲಿ ಭಾರತೀಯ ವಿದ್ಯಾರ್ಥಿಗಳ ಮಜ್ಲಿಸ್ ಎಂಬ ಸಂಘಕ್ಕೆ ಅಧ್ಯಕ್ಷರೂ ಆಗಿದ್ದರು. 1922ರಲ್ಲಿ ಬ್ಯಾರಿಸ್ಟರರಾಗಿ ಮುಂಬಯಿಗೆ ಮರಳಿದ ತರುಣನಿಗೆ ಕೆಲಸ ಕೊಡುವವರು ಯಾರೂ ಇರಲಿಲ್ಲ. ಕರಿಯ ಕೋಟು ತೊಟ್ಟು ಹೈಕೋರ್ಟಿನ ಪಡಸಾಲೆಗಳಲ್ಲಿ ಕಕ್ಷಿಗಾರರಿಲ್ಲದೆ ವರ್ಷಗಳನ್ನು ಕಳೆದದ್ದುಂಟು. ಆಮೇಲೆ ದೊಡ್ಡವರಾದವರ ಜೀವನಚರಿತ್ರೆಯಲ್ಲಿ ಇಂಥ ಬರಗಾಲದ ವರ್ಷಗಳನ್ನು ನಾವು ಒಂದೇ ಸಾಲಿನಲ್ಲಿ ದಾಟಿಬಿಡುತ್ತೇವೆ; ಅನುಭವಿಸಿದವನಿಗೆ ಅವು ಹಾಗೆ ದಾಟಿರಲಾರವು.

ಅವರು ಕೆಲಸ ಕಲಿಯಲು ಸೇರಿದ್ದು ಮಹಮದಲಿ ಜಿನ್ನಾ ಅವರ ಕಚೇರಿಯಲ್ಲಿ. ಆ ಕಾಲದ ಜಿನ್ನಾ ಬೇರೆ. 1916ರಲ್ಲಿ ಲೋಕಮಾನ್ಯ ತಿಲಕರು ನಮ್ಮ ಬೆಳಗಾವಿಯಲ್ಲಿಯೂ ಅಹಮದನಗರದಲ್ಲಿಯೂ ಮಾಡಿದ ಭಾಷಣಗಳು ರಾಜದ್ರೋಹವೆಂದು ಹೇಳಿ ಮ್ಯಾಜಿಸ್ಟ್ರೇಟರು ಅವರಿಂದ ಜಾಮೀನು ಕೇಳಿದಾಗ, ಆ ಆಜ್ಞೆಯ ವಿರುದ್ಧ ಹೈಕೋರ್ಟಿನಲ್ಲಿ ವಾದಿಸಿ ಅದನ್ನು ರದ್ದುಪಡಿಸಿದವರು ಇದೇ ಜಿನ್ನಾ. ಕೆಳಗಿನ ಕೋರ್ಟು ತಪ್ಪೆಂದದ್ದನ್ನು ಮೇಲಿನ ಕೋರ್ಟು ತಪ್ಪಲ್ಲವೆನ್ನಬಲ್ಲದೆಂಬ ಪಾಠ ಆ ಕಚೇರಿಯ ಗೋಡೆಗಳಿಗೆ ಹತ್ತಿಕೊಂಡೇ ಇದ್ದಿತು. ಗುರುವಿನ ಮೇಲೆ ಶಿಷ್ಯನಿಗೆ ಭಕ್ತಿಯಿದ್ದಿತು; ರಾಜಕಾರಣದಲ್ಲಿಯೂ ಹಿಂದೆ ನಡೆದರು. ಆದರೆ 1928ರಲ್ಲಿ ಮೋತಿಲಾಲ ನೆಹರೂ ವರದಿಯನ್ನು ಛಾಗಲಾ ಒಪ್ಪಿಕೊಂಡರು, ಜಿನ್ನಾ ಒಪ್ಪಲಿಲ್ಲ. ಅಲ್ಲಿಂದ ಹಾದಿ ಎರಡಾಯಿತು. ಜಿನ್ನಾ ಅವರು ಯಾವ ಕಡೆಗೆ ನಡೆದರೆಂಬುದು ಎಲ್ಲರೂ ಬಲ್ಲ ಸಂಗತಿ. ಛಾಗಲಾ ಮಾತ್ರ, ತಾನು ಮೊದಲು ಭಾರತೀಯನೆಂಬ ನಿಲುವಿನಿಂದ ಕಡೆಯ ಉಸಿರಿನವರೆಗೆ ಅಲುಗಲಿಲ್ಲ. ಎರಡೂ ಕಡೆಯಿಂದ ಅದಕ್ಕಾಗಿ ಮಾತು ಕೇಳಿದರು.

ಮುಂಬಯಿಯ ಸರಕಾರಿ ಕಾನೂನು ಕಾಲೇಜಿನಲ್ಲಿ ಕೆಲವು ವರ್ಷ ಅವರು ಪಾಠ ಹೇಳಿದರು. 1941ರಲ್ಲಿ ಹೈಕೋರ್ಟಿನ ನ್ಯಾಯಾಧೀಶರಾದರು. ಸ್ವಾತಂತ್ರ್ಯ ಬಂದ ಕಾಲಕ್ಕೆ ಆ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾದರು. ಆ ಪೀಠದಲ್ಲಿ ಖಾಯಂ ಆಗಿ ಕುಳಿತ ಮೊದಲ ಭಾರತೀಯರು ಅವರೇ. 1958ರ ವರೆಗೆ, ಅಂದರೆ ಹೆಚ್ಚು ಕಡಿಮೆ ಒಂದು ದಶಕಕ್ಕೂ ಮಿಕ್ಕಿ, ಅವರು ಅಲ್ಲಿದ್ದರು. ಇದರಲ್ಲಿ ಮೊದಲ ಎಂಟೊಂಬತ್ತು ವರ್ಷ ಅವರು ನಮ್ಮವರೂ ಆಗಿದ್ದರು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳ ಕನ್ನಡಿಗನು ತನ್ನ ನ್ಯಾಯದ ಕಡೆಯ ಮೆಟ್ಟಿಲಿಗಾಗಿ ಹೋಟಗಿಯಲ್ಲಿಯೋ ಪುಣೆಯಲ್ಲಿಯೋ ರೈಲು ಬದಲಿಸಿ ಮುಂಬಯಿಗೆ ಹೋಗುತ್ತಿದ್ದ ಕಾಲವದು. ಅಲ್ಲಿ ಕನ್ನಡ ಬಲ್ಲವರು ವಿರಳ, ಕಾಗದವೆಲ್ಲ ಇಂಗ್ಲಿಷು. ಹೋಗುವ ಖರ್ಚಿನಲ್ಲಿ ಎತ್ತು ಕೊಳ್ಳಬಹುದಾಗಿತ್ತು. ಆದುದರಿಂದ ಹಿಪ್ಪರಗಿಯಂಥ ಊರಿನ ಬಡವನು ಛಾಗಲಾ ಅವರನ್ನು ಕಾಣುತ್ತಿದ್ದುದು ವಕೀಲರ ಕಪಾಟಿನ ಪುಸ್ತಕದಲ್ಲಿ ಮಾತ್ರ.

ಆ ಪುಸ್ತಕಗಳಲ್ಲಿ ನಮ್ಮ ವಿಷಯಕ್ಕೆ ಸೇರಿದ ಮುಖ್ಯ ಪ್ರಕರಣ ಫ್ರಾಮ್ ನಸರ್ವಾನಜಿ ಬಾಲ್ಸಾರಾ ಎಂಬ ಪಾರಸೀ ಗೃಹಸ್ಥರದು. ಅವರನ್ನು ಯಾರೂ ಹಿಡಿದಿರಲಿಲ್ಲ, ಯಾರೂ ಸಜೆ ವಿಧಿಸಿರಲಿಲ್ಲ. ಅವರು ತಾವಾಗಿ ಹೈಕೋರ್ಟಿಗೆ ಬಂದು, ವ್ಹಿಸ್ಕಿ, ಬ್ರಾಂಡಿ, ಬೀರುಗಳಿಂದ ಹಿಡಿದು ಔಷಧಿಯ ವೈನು, ಕಲೋನ್ ಸುಗಂಧದ್ರವ್ಯ, ಲ್ಯಾವೆಂಡರ್ ನೀರಿನ ವರೆಗೆ ಎಲ್ಲವನ್ನೂ ಇಟ್ಟುಕೊಳ್ಳುವ, ಬಳಸುವ ಹಕ್ಕು ತಮಗುಂಟೆಂದೂ, ಈ ಕಾಯದೆಯನ್ನು ತಮ್ಮ ಮೇಲೆ ಚಲಾಯಿಸಬಾರದೆಂದು ಸರಕಾರಕ್ಕೆ ಆಜ್ಞಾಪಿಸಬೇಕೆಂದೂ ಬೇಡಿದರು. ಸಂವಿಧಾನ ಜಾರಿಗೆ ಬಂದು ಇನ್ನೂ ವರ್ಷವೂ ತುಂಬಿರಲಿಲ್ಲ. ಮೂಲಭೂತ ಹಕ್ಕುಗಳೆಂಬುವು ಪುಸ್ತಕದ ಶೋಭೆಗೋ ಬಳಕೆಗೋ ಎಂದು ಯಾರಿಗೂ ತಿಳಿಯದ ಸಮಯ. ದೇಶವು ಬಹುಕಾಲ ಪುಣ್ಯಕಾರ್ಯವೆಂದು ಭಾವಿಸಿದ್ದ ಒಂದು ಕಾಯದೆಯನ್ನು, ಕುಡಿಯುವ ಹಕ್ಕು ಬೇಕೆನ್ನುವ ಒಬ್ಬನ ಮಾತಿಗೆ ನ್ಯಾಯಾಲಯ ಪರೀಕ್ಷೆಗೆ ಒಡ್ಡಬಹುದೇ ಎಂದು ಕೇಳಿದವರು ಬಹಳ.

ಛಾಗಲಾ ಅವರ ಪೀಠವು 1950ರ ಆಗಸ್ಟ 22ರಂದು ತೀರ್ಪಿತ್ತಿತು. ಪಾನನಿರೋಧವು ಒಳ್ಳೆಯದೋ ಕೆಟ್ಟದ್ದೋ ಎಂಬುದು ಶಾಸನಸಭೆಯ ವಿಚಾರ, ಅದು ಸಂವಿಧಾನದ ಎಲ್ಲೆಯೊಳಗಿದೆಯೇ ಎಂಬುದಷ್ಟೇ ನ್ಯಾಯಾಲಯದ ವಿಚಾರ. ಆ ಪ್ರಕರಣವೆಲ್ಲ ನಿಂತಿದ್ದು ಈ ಭೇದದ ಮೇಲೆ. ಕಾಯದೆಯನ್ನು ಬುಡಸಹಿತ ಕಿತ್ತೊಗೆಯಲಿಲ್ಲ. ಆದರೆ ಅದರ ಹಲವು ಕಲಮುಗಳು ಸಂವಿಧಾನಕ್ಕೆ ವಿರೋಧವೆಂದು ಸಾರಿದರು. ಸರಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ 1951ರ ಮೇ 25ರಂದು ನ್ಯಾಯಮೂರ್ತಿ ಫಜಲ್ ಅಲಿಯವರು ಬರೆದ ತೀರ್ಪು ಕಾಯದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಸೇನೆಯವರ ಭೋಜನಶಾಲೆಗಳಿಗೂ ವಿದೇಶೀಯರಿಗೂ ಇದ್ದ ರಿಯಾಯಿತಿಯನ್ನು ಅದು ಭೇದಭಾವವೆನ್ನಲಿಲ್ಲ. ಆದರೆ ಮದ್ಯಸಾರ ಬೆರೆತ ಔಷಧಗಳನ್ನೂ ಸುಗಂಧದ್ರವ್ಯಗಳನ್ನೂ ಮನೆಯಲ್ಲಿಟ್ಟುಕೊಂಡವನನ್ನು ಅಪರಾಧಿಯೆನ್ನುವಂತಿಲ್ಲವೆಂದು ಹೇಳಿತು. ಮದ್ಯವನ್ನು ಹೊಗಳಿ ಮಾತಾಡುವುದೇ ಅಪರಾಧವೆಂದ ಕಲಮನ್ನು, ವಾಕ್‌ಸ್ವಾತಂತ್ರ್ಯಕ್ಕೆ ವಿರೋಧವೆಂದು, ತೆಗೆದುಹಾಕಿತು. ಹೊಗಳಿಕೆಯೂ ಅಪರಾಧವಾಗಿದ್ದರೆ ನಮ್ಮ ಹಳೆಗನ್ನಡ ಕಾವ್ಯಗಳ ಪಾನಗೋಷ್ಠಿಯ ವರ್ಣನೆಗಳನ್ನು ತರಗತಿಯಲ್ಲಿ ಪಾಠ ಹೇಳಿದ ನಮ್ಮಂಥ ಮಾಸ್ತರರ ಗತಿ ಏನಾಗುತ್ತಿತ್ತೋ!

ಈ ತೀರ್ಪಿನಿಂದ ಲಾಭ ಯಾರಿಗಾಯಿತು? ಇದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ. ಕಲೋನ್ ಸೀಸೆಯಿದ್ದವರಿಗೆ ಆಯಿತು. ವೈದ್ಯರ ಚೀಟಿ ಪಡೆದು ಆರೋಗ್ಯದ ಪರವಾನಗಿ ಮಾಡಿಸಬಲ್ಲ ನಗರವಾಸಿಗಳು ಹೇಗೂ ಸುಖಿಗಳಾಗಿದ್ದರು. ಬೆಲ್ಲ ಕೊಳೆಹಾಕಿ ಭಟ್ಟಿಯಿಳಿಸುವ ಮುದುಕಿಗೆ ಬಾಲ್ಸಾರಾ ಅವರ ಲ್ಯಾವೆಂಡರ್ ನೀರಿನಿಂದ ಬಂದದ್ದೇನು? ಮೇಲ್ನೋಟಕ್ಕೆ ಏನೂ ಇಲ್ಲ. ಕಾಯದೆಯ 65ನೆಯ ಕಲಮು, ಅಂದರೆ ಮದ್ಯ ತಯಾರಿಸುವ, ಮಾರುವ ಅಪರಾಧ, ಹಾಗೆಯೇ ಉಳಿಯಿತು. 103ನೆಯ ಕಲಮೂ ಉಳಿಯಿತು. ಅದರಂತೆ ಮಾಲು ತನ್ನ ವಶದಲ್ಲಿ ಸಿಕ್ಕವನು ಸಮಾಧಾನಕರವಾದ ವಿವರಣೆ ಕೊಡದಿದ್ದರೆ ಆತನೇ ತಪ್ಪಿತಸ್ಥನೆಂದು ಭಾವಿಸಲು ಅವಕಾಶವಿತ್ತು. ಸಾಮಾನ್ಯವಾಗಿ ಅಪರಾಧವನ್ನು ಸಿದ್ಧಪಡಿಸುವ ಹೊಣೆ ಸರಕಾರದ್ದು. ಇಲ್ಲಿ ಆ ಹೊಣೆಯ ಒಂದು ತುದಿಯನ್ನು ಆರೋಪಿಯ ಹೆಗಲಿಗೂ ಇಟ್ಟಿದ್ದರು.

ನಮ್ಮ ವೃದ್ಧ ವಕೀಲರು ಹಿಡಿದದ್ದು ಈ ತುದಿಯನ್ನೇ. ಆಯಿಯ ಅಪೀಲಿನಲ್ಲಿ ಅವರ ವಾದ ಸರಳವಾಗಿತ್ತೆಂದು ತಂದೆ ಹೇಳುತ್ತಿದ್ದರು. ಆಕೆ ವಿವರಣೆ ಕೊಡಬೇಕಾದದ್ದು ನಿಜ. ಆದರೆ ಅದಕ್ಕೂ ಮೊದಲು ಮಾಲು ಆಕೆಯ ವಶದಲ್ಲಿಯೇ ಇತ್ತೆಂಬುದು ನಿಸ್ಸಂದೇಹವಾಗಿ ಸಿದ್ಧವಾಗಬೇಕು. ಪಂಚರಿಬ್ಬರು ಪಂಚನಾಮೆಗೆ ಸಹಿ ಮಾಡಿದ್ದು ಆಯಿಯ ಮನೆಯಲ್ಲಲ್ಲ, ಚಾವಡಿಯಲ್ಲಿ. ಒಬ್ಬನು ಗಡಿಗೆ ಹಿತ್ತಲಲ್ಲಿ ಸಿಕ್ಕಿತೆಂದ. ಇನ್ನೊಬ್ಬನು ಅಟ್ಟದ ಮೇಲೆಂದ. ಆ ಹಿತ್ತಲಿಗೆ ಮೂರು ಮನೆಗಳ ಬಾಗಿಲು. ಬಾಟಲಿಗೆ ಅರಗಿನ ಮುದ್ರೆ ಹಾಕಿದ್ದು ಯಾವಾಗ, ಪೃಥಕ್ಕರಣಕ್ಕೆ ಹೋದದ್ದು ಅದೇ ಬಾಟಲಿಯೇ ಎಂಬುದಕ್ಕೆ ಕಾಗದದಲ್ಲಿ ಉತ್ತರವಿರಲಿಲ್ಲ. ಕಾಯದೆ ಎಷ್ಟೇ ಪವಿತ್ರವಾಗಿದ್ದರೂ ಅದರ ಪಾವಿತ್ರ್ಯವು ಸಾಕ್ಷಿಯ ಕೊರತೆಯನ್ನು ತುಂಬಲಾರದೆಂಬುದು ಆ ವಕೀಲರು ಮುಂಬಯಿಯ ಪುಸ್ತಕಗಳಿಂದ ಕಲಿತ ಪಾಠ. ಆಯಿ ಬಿಡುಗಡೆಯಾದಳು. ಆಗಲೇ ಐದು ವಾರ ಒಳಗಿದ್ದು ಬಂದಿದ್ದಳು. ಬರುವಾಗ ಮೊಮ್ಮಕ್ಕಳಿಗೆ ವಿಜಾಪುರದಿಂದ ಬತ್ತಾಸು ತಂದಳು.

ಛಾಗಲಾ ಅವರನ್ನು ಬಡ ಆರೋಪಿಯ ಪಾಲಿನ ದೇವರೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ಅವರ ಮುಖ್ಯತ್ವದ ಕಾಲದಲ್ಲಿಯೇ ಹೈಕೋರ್ಟು ಇನ್ನೊಂದು ಪ್ರಕರಣದಲ್ಲಿ ವಿರುದ್ಧ ದಿಕ್ಕಿಗೆ ತಿರುಗಿದ್ದುಂಟು. 1951ರ ಮೇ ತಿಂಗಳಲ್ಲಿ ಬೆಹರಾಮ್ ಪೆಸಿಕಾಕಾ ಎಂಬವರ ಜೀಪು ಮುಂಬಯಿಯಲ್ಲಿ ಅಪಘಾತಕ್ಕೀಡಾಯಿತು; ಅವರ ಬಾಯಲ್ಲಿ ಮದ್ಯದ ವಾಸನೆಯಿತ್ತು. ತಾನು ಕುಡಿದದ್ದು ಔಷಧವೆಂದು ಅವರ ವಾದ. ಮ್ಯಾಜಿಸ್ಟ್ರೇಟರು ಬಿಟ್ಟರು, ಸರಕಾರ ಅಪೀಲು ಮಾಡಲು ಹೈಕೋರ್ಟು ಶಿಕ್ಷೆ ವಿಧಿಸಿತು. ಕಡೆಗೆ 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ತೊಡೆದುಹಾಕಿ, ಬಾಲ್ಸಾರಾ ತೀರ್ಪಿನಂತೆ ಔಷಧವು ನಿಷೇಧದ ಹೊರಗಿರುವುದರಿಂದ, ಆರೋಪಿ ಸೇವಿಸಿದ್ದು ನಿಷಿದ್ಧ ಮದ್ಯವೇ ಎಂದು ತೋರಿಸುವ ಹೊಣೆ ಸರಕಾರದ್ದೆಂದು ಸ್ಪಷ್ಟಪಡಿಸಿತು. ಛಾಗಲಾ ಅವರ ಪೀಠದಲ್ಲಿ ಮೊಳೆತ ವಿಚಾರವೊಂದು ಅವರದೇ ನ್ಯಾಯಾಲಯದ ತೀರ್ಪನ್ನು ಮುರಿಯುವುದಕ್ಕೆ ಮೇಲೆ ಬಳಕೆಯಾಯಿತು. ಸರಕಾರ ಸುಮ್ಮನಿರಲಿಲ್ಲ, 1959ರ ತಿದ್ದುಪಡಿಯಿಂದ, ರಕ್ತದಲ್ಲಿ ಮದ್ಯಸಾರವು ಇಂತಿಷ್ಟಕ್ಕಿಂತ ಮಿಕ್ಕಿದ್ದರೆ ತಾನು ನಿರ್ದೋಷಿಯೆಂದು ತೋರಿಸುವ ಭಾರವನ್ನು ಪುನಃ ಆರೋಪಿಯ ಮೇಲೆ ಹೊರಿಸಿತು. ಕಾಯದೆ ಮಾಡುವವರಿಗೂ ಕಾಯದೆ ಓದುವವರಿಗೂ ನಡೆಯುವ ಈ ಜಗ್ಗಾಟ ಅನಾದಿಯದು.

ಅತ್ತೆಯ ಮಾತನ್ನು ಇಲ್ಲಿ ಬಿಟ್ಟರೆ ನಾನು ಅಪ್ರಾಮಾಣಿಕನಾದೇನು. ಆಯಿ ಬಿಡುಗಡೆಯಾಗಿ ಬಂದ ದಿನ ಅತ್ತೆ ನಮ್ಮ ತಂದೆಯೊಡನೆ ಜಗಳವಾಡಿದಳು. ಸೆರೆ ಮಾರಿದವಳಿಗೆ ಅಪೀಲು ಮಾಡಲು ಮೇಲಿನ ಕೋರ್ಟು ಇದೆ, ಅಣ್ಣನೇ ಬಂಡಿ ಕಟ್ಟಿಕೊಂಡು ಹೋಗಿ ವಕೀಲರನ್ನು ಹುಡುಕಿಕೊಡುತ್ತಾನೆ. ಕುಡಿದವನ ಕೈಯಲ್ಲಿ ಪೆಟ್ಟು ತಿಂದವಳು ಯಾವ ಕೋರ್ಟಿಗೆ ಹೋಗಬೇಕು ಎಂದು ಕೇಳಿದಳು. ತಂದೆಯವರಿಗೆ ಉತ್ತರ ಹೊಳೆಯಲಿಲ್ಲ. ನನಗೆ ಇಂದಿಗೂ ಹೊಳೆದಿಲ್ಲ. ಪಾನನಿರೋಧವನ್ನು ನಗರದ ವಿದ್ವಾಂಸರು ಸ್ವಾತಂತ್ರ್ಯದ ಹರಣವೆಂದು ಗೇಲಿ ಮಾಡಿದಾಗಲೆಲ್ಲ ಪಡಸಾಲೆಯ ಕತ್ತಲಲ್ಲಿ ಮಲಗಲು ಬಂದ ಅತ್ತೆಯ ಬಳೆಯ ಸದ್ದು ನನಗೆ ಕೇಳಿಸುತ್ತದೆ. ಆದರೆ ಸುಳ್ಳು ಪಂಚನಾಮೆಯಿಂದ ಮುದುಕಿಯನ್ನು ಒಳಗಿಟ್ಟಿದ್ದರೆ ಅತ್ತೆಗೆ ಪೆಟ್ಟು ಕಡಿಮೆಯಾಗುತ್ತಿತ್ತೆ? ಆಯಿ ಸೆರೆಮನೆಯಲ್ಲಿದ್ದ ಐದು ವಾರವೂ ಮಾವನು ಪಕ್ಕದ ಊರಿಗೆ ನಡೆದು ಹೋಗಿ ಕುಡಿದು ಬಂದಿದ್ದನು.

1956ನೆಯ ಇಸವಿ ಛಾಗಲಾ ಅವರ ಬಾಳಿನಲ್ಲಿಯೂ ನಮ್ಮ ನಾಡಿನ ಬಾಳಿನಲ್ಲಿಯೂ ದೊಡ್ಡದು. ಆ ವರ್ಷ ಅವರು ಮುಂಬಯಿ ಹೈಕೋರ್ಟಿನಲ್ಲಿ ಒಂದು ಶಿಲಾಫಲಕವನ್ನು ಅನಾವರಣ ಮಾಡಿದರು. 1908ರಲ್ಲಿ ನ್ಯಾಯಮೂರ್ತಿ ದಾವರ ಅವರು ತಿಲಕರಿಗೆ ಆರು ವರ್ಷ ಗಡೀಪಾರಿನ ಶಿಕ್ಷೆ ವಿಧಿಸಿದ ಆ ಕೋಣೆಯ ಬಳಿಯಲ್ಲಿ, ಶಿಕ್ಷೆ ಕೇಳುವ ಮೊದಲು ತಿಲಕರು ಆಡಿದ ಮಾತನ್ನು ಅದರಲ್ಲಿ ಕೊರೆಸಿದ್ದಾರೆ. ಜ್ಯೂರಿಯ ತೀರ್ಮಾನ ಏನೇ ಇರಲಿ ತಾನು ನಿರಪರಾಧಿ, ಈ ನ್ಯಾಯಾಲಯಕ್ಕಿಂತ ಮೇಲಿನ ಶಕ್ತಿಗಳು ಲೋಕವನ್ನು ಆಳುತ್ತಿವೆ ಎಂಬ ಅರ್ಥದ ಮಾತದು. ಒಂದು ನ್ಯಾಯಾಲಯವು ತಾನು ಶಿಕ್ಷಿಸಿದ ಮನುಷ್ಯನ ಮಾತನ್ನು ತನ್ನ ಗೋಡೆಗೆ ತಾನೇ ಹಚ್ಚಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಅದನ್ನು ಛಾಗಲಾ ಅವರು ಪ್ರಾಯಶ್ಚಿತ್ತವೆಂದೇ ಭಾವಿಸಿದ್ದರು. ಅಪೀಲಿಗೆ ಅವಕಾಶವಿಲ್ಲದ ಕಡೆ ನಲವತ್ತೆಂಟು ವರ್ಷದ ಮೇಲೆ ನ್ಯಾಯಾಲಯವೇ ತಾನಾಗಿ ಮಾಡಿದ ಅಪೀಲು ಅದು ಎಂದು ನನಗೆ ತೋರುತ್ತದೆ.

ಅದೇ ವರ್ಷ ಅಕ್ಟೋಬರಿನಲ್ಲಿ ರಾಜ್ಯಪಾಲ ಹರೇಕೃಷ್ಣ ಮಹತಾಬರು ಆ ಪದವಿಯನ್ನು ಬಿಡಲು, ಶ್ರೀಪ್ರಕಾಶರು ಡಿಸೆಂಬರಿನಲ್ಲಿ ಬರುವವರೆಗೆ ಛಾಗಲಾ ಅವರು ಹಂಗಾಮಿ ರಾಜ್ಯಪಾಲರಾದರು. ಆ ಎರಡು ತಿಂಗಳುಗಳ ನಡುವೆಯೇ ನವೆಂಬರ 1 ಬಂದಿತು. ವಿಜಾಪುರ, ಧಾರವಾಡ, ಕಾರವಾರ ಮತ್ತು ಬೆಳಗಾವಿಯ ಬಹುಭಾಗ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ನಮ್ಮನ್ನು ಬೀಳ್ಕೊಟ್ಟ ರಾಜ್ಯದ ತಲೆಯ ಮೇಲೆ ಅಂದು ಕುಳಿತಿದ್ದವರು ಛಾಗಲಾ. ಹಿಪ್ಪರಗಿಯಲ್ಲಿ ನಾವು ಶಾಲೆಯ ಹುಡುಗರು ಮೆರವಣಿಗೆ ತೆಗೆದೆವು, ಪೇಢೆ ತಿಂದೆವು. ಅಂದಿನಿಂದ ನಮ್ಮ ಮೇಲಿನ ಕೋರ್ಟು ಬೆಂಗಳೂರಾಯಿತು. ಆದರೆ ಮುಂಬಯಿಯ ಪಾನನಿರೋಧ ಕಾಯದೆ ಒಮ್ಮೆಗೇ ನಮ್ಮನ್ನು ಬಿಡಲಿಲ್ಲ. ಮೈಸೂರಿನ ಸ್ವಂತ ಪಾನನಿರೋಧ ಕಾಯದೆ 1961ರಲ್ಲಿ ಬಂದಿತು, ಆ ದಶಕ ಮುಗಿಯುವುದರೊಳಗೆ ನಿಷೇಧ ತೆರವಾಗಿ 1965ರ ಅಬಕಾರಿ ಕಾಯದೆ ಅದರ ಜಾಗಕ್ಕೆ ಬಂದಿತು. ಅಂಗಡಿ ತೆರೆಯಿತು. ಅಲ್ಲಿಂದಾಚೆಗೆ ಮದ್ಯ ಮಾರುವುದು ಅಪರಾಧವಲ್ಲ, ಲೈಸೆನ್ಸಿಲ್ಲದೆ ಮಾರುವುದು ಅಪರಾಧ. ಅಬಕಾರಿಯ ಉತ್ಪನ್ನವನ್ನು ಸರಕಾರಗಳು ಈಗ ಆಯವ್ಯಯದಲ್ಲಿ ಹೆಮ್ಮೆಯಿಂದ ಎಣಿಸುತ್ತವೆ. ದೇವರ ಹಿಪ್ಪರಗಿಯೇ ಈಗ ತಾಲೂಕಾಗಿದೆ. ವಿಜಯಪುರ ಜಿಲ್ಲೆಯ ಹೈಕೋರ್ಟಿನ ಕೆಲಸ ಕಲಬುರಗಿಯ ಪೀಠಕ್ಕೆ ಹೋಗುತ್ತದೆ. ಮುಂಬಯಿಯ ರೈಲನ್ನು ಅದಕ್ಕಾಗಿ ಹಿಡಿಯುವ ಕಾಲ ಕಥೆಯಾಯಿತು.

ಛಾಗಲಾ ಅವರ ಉಳಿದ ಬಾಳು ಎಲ್ಲರೂ ಬಲ್ಲದ್ದು. ಬೇಗ ಹೇಳಿ ಮುಗಿಸುತ್ತೇನೆ. 1958ರಲ್ಲಿ ಜೀವವಿಮಾ ನಿಗಮದ ಹಣವನ್ನು ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ತೊಡಗಿಸಿದ ಹಗರಣವನ್ನು ಅವರು ಒಬ್ಬರೇ ವಿಚಾರಿಸಿದರು. ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸದೆ, ಒಳಗೆ ಹಿಡಿಸದ ಜನ ಹೊರಗೆ ನಿಂತು ಕೇಳಲೆಂದು ಧ್ವನಿವರ್ಧಕ ಕಟ್ಟಿಸಿದರು. ಕೆಲವೇ ವಾರಗಳಲ್ಲಿ ವರದಿ ಬಂದಿತು, ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಪದವಿ ಬಿಡಬೇಕಾಯಿತು. ಇಂದು ವಿಚಾರಣಾ ಆಯೋಗಗಳು ತಮ್ಮ ಅವಧಿಯನ್ನು ಮತ್ತೆ ಮತ್ತೆ ಬೆಳೆಸಿಕೊಳ್ಳುವುದನ್ನು ಕಂಡವರಿಗೆ ಇದು ಪುರಾಣದಂತೆ ಕೇಳಿಸೀತು. ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ, ದಾದ್ರಾ ನಗರಹವೇಲಿಗೆ ದಾರಿ ಬೇಕೆಂದು ಪೋರ್ತುಗಲ್ಲು ಹೂಡಿದ ದಾವೆಯಲ್ಲಿ ಭಾರತದ ಪರವಾಗಿ ನೇಮಕಗೊಂಡ ನ್ಯಾಯಾಧೀಶರಾಗಿ ಕುಳಿತರು. ಅಮೇರಿಕೆಯಲ್ಲಿ ರಾಯಭಾರಿ, ಇಂಗ್ಲಂಡದಲ್ಲಿ ಹೈಕಮಿಶನರು. 1963ರಲ್ಲಿ ಕೇಂದ್ರದ ಶಿಕ್ಷಣಮಂತ್ರಿ. ಕೊಠಾರಿ ಶಿಕ್ಷಣ ಆಯೋಗ ನೇಮಕವಾದದ್ದು ಅವರ ಕಾಲದಲ್ಲಿ, 1964ರಲ್ಲಿ. ಮಾಸ್ತರಿಕೆಗೆ ಆಗಷ್ಟೇ ಕಾಲಿಟ್ಟಿದ್ದ ನಮಗೆ ಆ ಆಯೋಗದ ಹೆಸರೇ ಒಂದು ಆಸೆಯಾಗಿತ್ತು.

1967ರಲ್ಲಿ, ವಿದೇಶಾಂಗ ಮಂತ್ರಿಗಳಾಗಿದ್ದಾಗ, ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷನ್ನು ಅವಸರದಿಂದ ತೆಗೆದು ಪ್ರಾದೇಶಿಕ ಭಾಷೆಗಳನ್ನು ತರುವ ನೀತಿಯನ್ನು ಒಪ್ಪದೆ ಅವರು ರಾಜೀನಾಮೆ ಕೊಟ್ಟರು. ಇದೊಂದು ವಿಷಯದಲ್ಲಿ ನಾನು ಅವರ ಎದುರು ಪಕ್ಷದವನು. ಆಯಿಗೆ ತನ್ನ ಮೇಲಿನ ತೀರ್ಪಿನಲ್ಲಿ ಏನು ಬರೆದಿದೆಯೆಂದು ಕಡೆಯವರೆಗೂ ತಿಳಿಯಲಿಲ್ಲ. ಅದು ಆಕೆಗೆ ಬಾರದ ಭಾಷೆಯಲ್ಲಿತ್ತು. ದೇಶದ ಏಕತೆಗೆ ಇಂಗ್ಲಿಷು ಬೇಕೆಂಬ ಅವರ ಭಯದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಬಾಂಬೆ ಲಾ ರಿಪೋರ್ಟರನ್ನು ಓದಬಲ್ಲ ಮುದುಕ ವಕೀಲರು ಎಲ್ಲ ಓಣಿಗಳಿಗೂ ಸಿಕ್ಕುವುದಿಲ್ಲ. ತನಗೆ ಸರಿಯೆನಿಸದ್ದಕ್ಕಾಗಿ ಅಧಿಕಾರವನ್ನು ಬಿಟ್ಟು ಎದ್ದು ಬರುವ ಅವರ ಗುಣವನ್ನು ಮಾತ್ರ ಒಪ್ಪಲೇಬೇಕು. 1973ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಎಪ್ಪತ್ತೈದರ ವಯಸ್ಸಿನಲ್ಲಿ ಅದರ ವಿರುದ್ಧ ಬಹಿರಂಗವಾಗಿ ಮಾತನಾಡಿದರು. ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟವನಿಗೆ ನ್ಯಾಯಾಲಯದ ಬಾಗಿಲೇ ಮುಚ್ಚಿಹೋದ ಆ ದಿನಗಳಲ್ಲಿ, ಆ ಬಾಗಿಲನ್ನು ಹನ್ನೊಂದು ವರ್ಷ ಕಾಯ್ದ ಮನುಷ್ಯ ಸುಮ್ಮನೆ ಕುಳಿತಿರಲು ಸಾಧ್ಯವಿರಲಿಲ್ಲ. 1981ರ ಫೆಬ್ರುವರಿ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದೇಹಕ್ಕೆ ಅಗ್ನಿಸಂಸ್ಕಾರ ನಡೆಯಿತು.

ನಿವೃತ್ತನಾದ ಮೇಲೆ ಒಮ್ಮೆ ಮಗಳ ಮನೆಗೆಂದು ಮುಂಬಯಿಗೆ ಹೋದಾಗ ಆ ಹೈಕೋರ್ಟಿನ ಕಟ್ಟಡವನ್ನು ನೋಡಿ ಬಂದೆ. ಕರಿಗಲ್ಲಿನ ಕಮಾನುಗಳು, ಸುತ್ತುಮೆಟ್ಟಿಲು, ಬಗಲಲ್ಲಿ ಕಾಗದದ ಗಂಟು ಅಮುಕಿಕೊಂಡು ಬೆಂಚಿನ ಮೇಲೆ ಕುಳಿತ ಹಳ್ಳಿಗರು. ತಿಲಕರ ಫಲಕದ ಮುಂದೆ ನಿಂತು ಓದುತ್ತಿದ್ದವನನ್ನು ಕಾವಲುಗಾರ ಮುಂದೆ ಸರಿಯಲು ಹೇಳಿದ. ಆಯಿಯ ಕಾಗದ ಇಲ್ಲಿಯತನಕ ಬರಬೇಕಾಗಲಿಲ್ಲವೆಂದು ನೆನೆದು ಸಮಾಧಾನವೂ, ಬಂದಿದ್ದರೆ ಏನಾಗುತ್ತಿತ್ತೋ ಎಂಬ ಬಾಲಿಶ ಕುತೂಹಲವೂ ಒಟ್ಟಿಗೆ ಆದವು. ಆಕೆ ಬಿಡುಗಡೆಯ ತರುವಾಯ ಮತ್ತೆ ಸೆರೆ ಮಾರಲಿಲ್ಲವೆಂದು ಬರೆದರೆ ಕಥೆ ಚೆಂದವಾಗುತ್ತಿತ್ತು. ಆದರೆ ಆರು ತಿಂಗಳ ಮೇಲೆ ಮತ್ತೆ ಮಾರಿದಳು. ಮೊಮ್ಮಗಳ ಮದುವೆಯಾದ ಮೇಲೆ ಬಿಟ್ಟಳು. ಆ ಮದುವೆಯಲ್ಲಿ ಹೋಳಿಗೆ ಬಡಿಸಲು ನಿಂತವಳು ನನ್ನ ಅತ್ತೆ.

ವೃದ್ಧ ವಕೀಲರು ಕಾಲವಾದ ಬಳಿಕ ಅವರ ಪುಸ್ತಕಗಳು ರದ್ದಿಯ ಪಾಲಾದವು. 1951ರ ಸಂಪುಟವೊಂದನ್ನು ತಂದೆ ಕೇಳಿ ತಂದಿದ್ದರು. ಅದೀಗ ನನ್ನ ಬಳಿ ಇದೆ. ಬಾಲ್ಸಾರಾ ಪ್ರಕರಣದ ಮಗ್ಗುಲಲ್ಲಿ ಸೀಸದಕಡ್ಡಿಯಿಂದ ಒಂದು ತಾರೀಖು ಬರೆದಿದೆ. ಅದು ಆಯಿಯ ಅಪೀಲು ವಿಚಾರಣೆಗೆ ಬಂದ ದಿನ.